ಶಕ್ತಿ ಟಿಕೆಟ್: ಅಣ್ಣಿಗೇರಿ–ಹುಬ್ಬಳ್ಳಿ ದಾರಿಯಲ್ಲಿ ದಿನಾ ಬಳಸುವವಳ ಅಭಿಪ್ರಾಯ

ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಓಡಾಡುವ ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿನಿಂದ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರಲು ಇದನ್ನೇ ಬಳಸುತ್ತಿದ್ದೇನೆ. ದುಡ್ಡು ಉಳಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಅದನ್ನೇ ಮತ್ತೆ ಹೇಳಲ್ಲ.

ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿದ್ದು, ನಡುವೆ ಎಲ್ಲಿ ಬೇಕಾದರೂ ಇಳಿದು ಮತ್ತೆ ಹತ್ತಬಹುದು ಅನ್ನೋದು. ಗಂಡಸರದ್ದು ಹೆಚ್ಚಾಗಿ ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ. ನಮ್ಮ ಓಡಾಟ ಹಾಗಿರಲ್ಲ ಅಲ್ವಾ? ಕೆಲಸ ಮುಗಿಸಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕಾಯಿಪಲ್ಲೆ ತಗೊಂಡು, ಅತ್ತೆಯ ಗುಳಿಗೆ ತಗೊಂಡು, ಬರುವಾಗ ಶಿರಗುಪ್ಪಿಯಲ್ಲಿ ಇಳಿದು ಬಾಣಂತಿ ತಂಗಿಯನ್ನು ನೋಡಿ, ಆಮೇಲೆ ಮುಂದಿನ ಬಸ್ಸಿಗೆ ಮನೆ. ಮೊದಲು ಹೀಗೆ ಇಳಿದು ಹತ್ತಿದರೆ ಪ್ರತಿ ಸಲವೂ ಬೇರೆ ಟಿಕೆಟ್‌ಗೆ ದುಡ್ಡು ಕೊಡಬೇಕಿತ್ತು. ಹಾಗಾಗಿ ತಂಗಿಯ ಮನೆಗೆ ಹೋಗೋದನ್ನೇ ಮುಂದೂಡುತ್ತಿದ್ದೆ, ಇಲ್ಲವೇ ಯಾರಾದರೂ ಬೈಕ್ ಮೇಲೆ ಬಿಟ್ಟು ಬರಲಿ ಅಂತ ಕಾಯುತ್ತಿದ್ದೆ. ಈಗ ಯಾರನ್ನೂ ಕೇಳಬೇಕಿಲ್ಲ. ಈ ಒಂದು ಕಾರಣಕ್ಕೆ ನಾನು ಯೋಜನೆಯ ಪರ, ಯಾರು ಏನೇ ಅನ್ನಲಿ.

ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಕು. ಸಾಮಾನ್ಯ ಬಸ್ಸು, ವೇಗದೂತ ಎರಡರಲ್ಲೂ ನಡೆಯುತ್ತೆ. ರಾಜಹಂಸ, ಸ್ಲೀಪರ್‌ನಲ್ಲಿ ಇಲ್ಲ, ರಾಜ್ಯದ ಗಡಿ ದಾಟುವ ಬಸ್ಸಿನಲ್ಲೂ ಇಲ್ಲ. ಆದರೆ ಶೂನ್ಯ ಟಿಕೆಟ್, ಅಂದರೆ ದುಡ್ಡಿಲ್ಲದೆ ಕೊಡುವ ಟಿಕೆಟ್, ತಪ್ಪದೇ ಕೇಳಿ ತಗೊಳ್ಳಿ. ಸುಮ್ನೆ ಕೂತರೆ ಲೆಕ್ಕಕ್ಕೆ ಬರಲ್ಲ, ಸಾರಿಗೆ ನಿಗಮಕ್ಕೆ ಸರ್ಕಾರ ಹಣ ಕೊಡೋದು ಆ ಟಿಕೆಟ್‌ಗಳ ಲೆಕ್ಕದ ಮೇಲೆ. "ಅಕ್ಕಾರ, ಟಿಕೆಟ್ ತಗೋರಿ, ಚೆಕಿಂಗ್ ಬಂದ್ರ ನನಗ ತ್ರಾಸ್" ಅಂತ ಕಂಡಕ್ಟರ್ ಹೇಳಿದರೆ ಸಿಟ್ಟಾಗಬೇಡಿ, ಅವರು ಹೇಳೋದು ಸರಿ.

ಅರ್ಧ ಸೀಟು ಗಂಡಸರಿಗೆ ಅಂತ ನಿಯಮವಿದೆ, ಅದು ನ್ಯಾಯವೇ. ಆದರೆ ರಶ್ ಇದ್ದಾಗ ಯಾರೂ ಪಾಲಿಸಲ್ಲ, ಜಗಳ ಆಗುತ್ತೆ.

ಇನ್ನು ಕೊರತೆ. ಕೈ ತೋರಿಸಿದರೂ ನಿಲ್ಲಿಸದೆ ಹೋಗುವ ಬಸ್ಸುಗಳಿವೆ. ಸ್ಟಾಪಿನಲ್ಲಿ ಹೆಂಗಸರೇ ನಿಂತಿದ್ದರೆ ಇದು ಜಾಸ್ತಿ, ನೋಡಿ ನೋಡಿ ಬೇಜಾರಾಗಿದೆ. ನಾನು ಹಾದುಹೋಗುವ ಒಂದು ನಿಲ್ದಾಣದ ಶೌಚಾಲಯಕ್ಕೆ ಚಿಲಕವಿಲ್ಲ, ಮುಟ್ಟಿನ ದಿನಗಳಲ್ಲಿ ನೀರೂ ಕುಡಿಯದೆ ಹೊರಡುವವರು ನನಗೆ ಗೊತ್ತು. ಸಂಜೆ ಕ್ರಾಸಿನಲ್ಲಿ ಇಳಿದು ಹೊಲದ ನಡುವೆ ಊರಿಗೆ ನಡೆಯುವ ಹುಡುಗಿಯರಿಗೆ ಒಂದು ಲೈಟಿನ ಕಂಬವೂ ಇಲ್ಲ. ಬಸ್ಸು ಪುಕ್ಕಟೆಯಾದ ಮಾತ್ರಕ್ಕೆ ಆ ದಾರಿ ಬದಲಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡೋದು ಮಧ್ಯಾಹ್ನ. ಬೆಳಿಗ್ಗೆ, ಸಂಜೆ ಒಂದರ ಹಿಂದೆ ಒಂದು ಬಸ್ಸು ಬರುತ್ತೆ. ಆದರೆ ಶಾಲೆಯಿಂದ ಮಗು ಕರೆತರೋರು, ದವಾಖಾನೆಗೆ ಹೋಗೋರು, ಸಂತೆಗೆ ಹೋಗೋರು ಓಡಾಡೋದು ಆ ಎರಡರ ನಡುವೆ, ಅವರಲ್ಲಿ ಹೆಂಗಸರೇ ಜಾಸ್ತಿ. ವೇಳಾಪಟ್ಟಿ ಮಾಡುವವರು ಯಾರಾದರೂ ಇದನ್ನು ಓದಿದರೆ, ಒಂದರಿಂದ ನಾಲ್ಕರವರೆಗೆ ಎಲ್ಲಾ ಊರಲ್ಲೂ ನಿಲ್ಲುವ ಸಾಮಾನ್ಯ ಬಸ್ಸು ಇನ್ನಷ್ಟು ಬಿಡಿ. ಈ ದಾರಿಯ ನಲವಡಿ, ಭದ್ರಾಪುರದಲ್ಲಿ ಒಂದು ದಿನ ನಿಂತು ನೋಡಿ, ಎಷ್ಟು ಜನ ಕಾಯುತ್ತಿದ್ದಾರೆ ಅಂತ ಗೊತ್ತಾಗುತ್ತೆ.