ಎಡಗಿವಿಯ ಗಿಟಾರ್: ವ್ಯಾನ್ ಹೇಲನ್ ತಂಡದ 1978ರ ಮೊದಲ ಆಲ್ಬಮ್

ಎಡಗಿವಿಯ ಇಯರ್‌ಫೋನ್ ತೆಗೆದಿಟ್ಟು, ಬಲಗಿವಿಯೊಂದರಲ್ಲೇ ಅಮೆರಿಕದ ರಾಕ್ ತಂಡ ವ್ಯಾನ್ ಹೇಲನ್‌ನ ಈ ಆಲ್ಬಮ್ ಹಾಕಿ ನೋಡಿ. ಡ್ರಮ್ಸ್ ಇದೆ, ಬೇಸ್ ಇದೆ, ಗಾಯಕ ಡೇವಿಡ್ ಲೀ ರಾತ್ ಅವರ ಕೂಗಾಟವೂ ಇದೆ. ಗಿಟಾರ್ ಮಾತ್ರ ಪಕ್ಕದ ಮನೆಯ ಬಚ್ಚಲಿನಲ್ಲಿ ಯಾರೋ ನುಡಿಸಿದ ಹಾಗೆ ದೂರದಿಂದ ಮೊಳಗುತ್ತದೆ. ನಿಜವಾದ ಗಿಟಾರ್ ಪೂರ್ತಿ ಎಡಕ್ಕಿದೆ, ಬಲಕ್ಕೆ ಬಿಟ್ಟಿರುವುದು ಅದರ ರಿವರ್ಬ್, ಅಂದರೆ ಅನುರಣನ, ಅಷ್ಟೇ. ಒಂದು ಜೊತೆ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಕೇಳುವ ಆಲ್ಬಮ್ ಇದಲ್ಲ, ಬಲಗಿವಿಯವರಿಗೆ ಮೋಸವಾಗುತ್ತದೆ.

ವ್ಯಾನ್ ಹೇಲನ್ ಎಂದರೆ ವೇಗ, ಎರಡೂ ಕೈಗಳ ಬೆರಳು ಫ್ರೆಟ್‌ಬೋರ್ಡ್ ಮೇಲೆ ಕುಣಿಯುವುದು ಎಂಬ ಮಾತು ಹಳೆಯದು. ಅದಕ್ಕಿಂತ ಜೋರಾಗಿ ನುಡಿಸುವವರು ಆಮೇಲೆ ಬೇಕಾದಷ್ಟು ಮಂದಿ ಬಂದರು. ಆದರೂ ಈ ಆಲ್ಬಮ್ ಹಳತಾಗಿಲ್ಲ. ಟೇಪಿನ ಮೇಲೆ ಇರುವುದು ಕೆಲವೇ ಕೆಲವು ಸದ್ದು, ಅವುಗಳಲ್ಲಿ ಯಾವುದೂ ಇನ್ನೊಂದರ ಹಿಂದೆ ಅಡಗಿಲ್ಲ. ಗಿಟಾರ್ ಇಷ್ಟು ಬೆತ್ತಲೆಯಾಗಿ ಕೇಳಿಸುವುದರಿಂದಲೇ ಅಭಿಮಾನಿಗಳು ಇವತ್ತಿಗೂ ಆಂಪ್ಲಿಫೈಯರ್‌ಗೆ ಎಷ್ಟು ವೋಲ್ಟ್ ಕೊಟ್ಟಿದ್ದರು ಎಂದು ಜಗಳವಾಡುತ್ತಾರೆ.

1977ರ ದ್ವಿತೀಯಾರ್ಧದಲ್ಲಿ ಲಾಸ್ ಏಂಜಲಿಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋದಲ್ಲಿ ಕೆಲವೇ ವಾರಗಳಲ್ಲಿ ರೆಕಾರ್ಡ್ ಆದದ್ದು ಇದು. ನಿರ್ಮಾಪಕ ಟೆಡ್ ಟೆಂಪಲ್‌ಮನ್, ಎಂಜಿನಿಯರ್ ಡಾನ್ ಲ್ಯಾಂಡಿ. 1978ರ ಫೆಬ್ರುವರಿ 10ರಂದು ವಾರ್ನರ್ ಕಂಪನಿ ಬಿಡುಗಡೆ ಮಾಡಿತು. ಆಗ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಏರಿದ್ದು 19ನೇ ಸ್ಥಾನದವರೆಗೆ ಮಾತ್ರ. 1996ರಲ್ಲಿ ಅಮೆರಿಕದಲ್ಲೇ 1 ಕೋಟಿ ಪ್ರತಿಗಳ ಡೈಮಂಡ್ ಪ್ರಮಾಣಪತ್ರ ಸಿಕ್ಕಿತು. ಮೊದಲ ಹತ್ತರೊಳಗೆ ಕಾಲಿಡದ ಆಲ್ಬಮ್ ಕೋಟಿ ಮುಟ್ಟಬೇಕಾದರೆ, ಬಂದ ವಾರ ಕೊಂಡವರಿಗಿಂತ ವರ್ಷಗಳ ಮೇಲೆ ಹುಡುಕಿಕೊಂಡು ಬಂದವರು ಹೆಚ್ಚು ಎಂದೇ ಲೆಕ್ಕ.

ಆ ಕಾಲದ ರಾಕ್ ತಂಡಗಳು ಸಾಮಾನ್ಯವಾಗಿ ಒಂದೇ ಗಿಟಾರ್ ಭಾಗವನ್ನು ಎರಡು ಸಲ ನುಡಿಸಿ, ಎಡಕ್ಕೊಂದು ಬಲಕ್ಕೊಂದು ಇಟ್ಟು ಗೋಡೆ ಕಟ್ಟುತ್ತಿದ್ದವು. ಇಲ್ಲಿ ತಂಡ ಒಟ್ಟಿಗೆ ನಿಂತು ನುಡಿಸಿದೆ, ಮೇಲಿಂದ ಸೇರಿಸಿದ್ದು ಕಡಿಮೆ. ಮನೆಯಲ್ಲೇ ರೆಕಾರ್ಡ್ ಮಾಡುವವರು ಈ ಜಾಗದ ಅನುಭವವನ್ನು ಐದು ನಿಮಿಷದಲ್ಲಿ ಪಡೆಯಬಹುದು. ಗಿಟಾರ್ ಟ್ರ್ಯಾಕನ್ನು ಪೂರ್ತಿ ಎಡಕ್ಕೆ ತಳ್ಳಿ. ಬೇರೆಯ ಬಸ್‌ನಲ್ಲಿ (ಮಿಕ್ಸರ್‌ನಲ್ಲಿ ಸದ್ದು ಹಾಯುವ ಇನ್ನೊಂದು ದಾರಿ) ಪ್ಲೇಟ್ ರಿವರ್ಬ್ ಹಾಕಿ, ಅದನ್ನು ಪೂರ್ತಿ ಬಲಕ್ಕೆ ಇಡಿ. ರಿವರ್ಬ್‌ನ ಮಿಕ್ಸ್ ನೂರಕ್ಕೆ ನೂರು ವೆಟ್, ಅಂದರೆ ಬರೀ ಅನುರಣನ ಇರಬೇಕು, ಇಲ್ಲವಾದರೆ ಮೂಲ ಸದ್ದೂ ಬಲಕ್ಕೆ ಸೋರಿ ಎಲ್ಲವೂ ನಡುವಿಗೆ ಬಂದು ಕೂರುತ್ತದೆ. ಕೆಲವರು ಸ್ಟೀರಿಯೋ ರಿವರ್ಬನ್ನು ಗಿಟಾರ್ ಟ್ರ್ಯಾಕಿನ ಮೇಲೇ ಹಾಕಿ, ಯಾಕೆ ಬರಲಿಲ್ಲ ಎಂದು ಪ್ಲಗಿನ್ ಬದಲಿಸುತ್ತಾ ಹೋಗುತ್ತಾರೆ. ತಪ್ಪು ಪ್ಲಗಿನ್‌ನದಲ್ಲ, ದಾರಿಯದು.

ಇನ್ನು 'ಇರಪ್ಷನ್'. 1 ನಿಮಿಷ 42 ಸೆಕೆಂಡಿನ ಈ ತುಣುಕು ಆಲ್ಬಮ್‌ಗೆಂದು ಯೋಚಿಸಿಟ್ಟದ್ದಲ್ಲ. ತಂಡದ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್, ಸ್ಟುಡಿಯೋದಲ್ಲಿ ಕಾರ್ಯಕ್ರಮವೊಂದಕ್ಕೆ ಕೈ ಪಳಗಿಸಿಕೊಳ್ಳುತ್ತಿದ್ದಾಗ ಟೆಂಪಲ್‌ಮನ್ ಕೇಳಿಸಿಕೊಂಡು ರೆಕಾರ್ಡ್ ಮಾಡಿಸಿದರು. ಕೊನೆಯ ಭಾಗದ ಟ್ಯಾಪಿಂಗ್ (ಬಲಗೈ ಬೆರಳಿನಿಂದಲೂ ಫ್ರೆಟ್ ಬಡಿದು ನುಡಿಸುವುದು) ಕೇಳಲು ಬೆಟ್ಟ, ಕೈಗೆ ಸಿಕ್ಕಿದರೆ ಗುಡ್ಡ. ಮೊದಲ ಗುಂಪು ಇಡೀ ಒಂದೇ ತಂತಿಯ ಮೇಲಿದೆ, ಎರಡನೆಯ ತಂತಿ, ಅಂದರೆ ಬಿ. ಬಲಗೈ ತೋರುಬೆರಳಿನಿಂದ 9ನೇ ಫ್ರೆಟ್ ಬಡಿಯಿರಿ, ಬೆರಳು ಕಿತ್ತಾಗ ಎಡಗೈ ತೋರುಬೆರಳು ಹಿಡಿದಿರುವ 2ನೇ ಫ್ರೆಟ್ ನುಡಿಯಬೇಕು, ತಕ್ಷಣ ಎಡಗೈ ಕಿರುಬೆರಳಿನಿಂದ 5ನೇ ಫ್ರೆಟ್ ಬಡಿಯಬೇಕು. ಮೂರು ಸ್ವರ ಸುತ್ತುತ್ತಿದ್ದರೆ ಸಿ ಶಾರ್ಪ್ ಮೈನರ್. ಎಡಗೈಯನ್ನು ಹಾಗೇ ಬಿಟ್ಟು ಬಲಗೈಯನ್ನು 10ನೇ ಫ್ರೆಟ್‌ಗೆ ಒಂದೇ ಹೆಜ್ಜೆ ಸರಿಸಿ, ಎ ಮೇಜರ್ ಆಯಿತು. ಒಂದು ಬೆರಳು ಒಂದು ಫ್ರೆಟ್ ಸರಿದರೆ ರಾಗದ ಬಣ್ಣವೇ ಬದಲಾಗುತ್ತದೆ. ಇದರ ಜಾಣತನ ಇರುವುದು ಅಲ್ಲಿ, ವೇಗದಲ್ಲಲ್ಲ.

ಕೆಡುವುದು ಎಲ್ಲಿ ಎಂದರೆ, ಬಲಗೈ ಬೆರಳನ್ನು ನೇರ ಮೇಲಕ್ಕೆತ್ತುವಲ್ಲಿ. ಹಾಗೆತ್ತಿದರೆ 2ನೇ ಫ್ರೆಟ್‌ನ ಸ್ವರ ಸತ್ತುಹೋಗುತ್ತದೆ. ಬೆರಳು ಬಿಡುವಾಗ ತಂತಿಯನ್ನು ಚೂರು ಪಕ್ಕಕ್ಕೆ ಮೀಟಿಯೇ ಬಿಡಬೇಕು. ಎರಡನೆಯದು, ಆ ಮೀಟುವ ಭರದಲ್ಲಿ ಮೊದಲ ತಂತಿ ತಾನೂ ದನಿ ತೆಗೆಯುತ್ತದೆ. ಎಡಗೈ ತೋರುಬೆರಳನ್ನು ಸ್ವಲ್ಪ ಮಲಗಿಸಿ ಅದರ ಒಳಮೈಯಿಂದ ಮೊದಲ ತಂತಿಯನ್ನು ಮುಟ್ಟಿಕೊಂಡಿದ್ದರೆ ಸಾಕು, ದಪ್ಪ ತಂತಿಗಳನ್ನು ಬಲ ಅಂಗೈ ನೋಡಿಕೊಳ್ಳುತ್ತದೆ. ಪಿಕ್ ಎಲ್ಲಿ ಇಟ್ಟುಕೊಳ್ಳುವುದು ಎಂಬ ಪ್ರಶ್ನೆಗೆ ಎಡ್ಡಿಯವರ ಉತ್ತರ ಸರಳವಾಗಿತ್ತು. ಅವರು ಪಿಕ್ ಹಿಡಿಯುತ್ತಿದ್ದುದೇ ಹೆಬ್ಬೆರಳು ಮತ್ತು ನಡುಬೆರಳಿನಿಂದ, ತೋರುಬೆರಳು ಯಾವಾಗಲೂ ಖಾಲಿ. ಮೆಟ್ರೋನೋಮ್ 60ಕ್ಕೆ ಇಟ್ಟು ಒಂದು ಏಟಿಗೆ ಆರು ಸ್ವರ, ಅಂದರೆ ಎರಡು ಸುತ್ತು ಸಮನಾಗಿ ಬರುವವರೆಗೆ ಮುಂದೆ ಹೋಗಬೇಡಿ. ಆಂಪ್‌ನ ಗೇನ್ ಏರಿಸಿದರೆ ತಪ್ಪು ಮುಚ್ಚಿಹೋದಂತೆ ಅನಿಸುತ್ತದೆ, ಆದರೆ ಗೇನ್ ಇಳಿಸಿದ ದಿನ ಎಲ್ಲವೂ ಬಯಲಾಗುತ್ತದೆ.

ಜೊತೆಗೆ ನುಡಿಸುವವರು ಶ್ರುತಿಯ ವಿಷಯ ಮೊದಲೇ ತಿಳಿದಿರಬೇಕು. ಗಿಟಾರ್ ಸುಮಾರು ಅರ್ಧ ಸ್ವರ, ಅಂದರೆ ಒಂದು ಫ್ರೆಟ್‌ನಷ್ಟು ಕೆಳಗಿದೆ. ಸುಮಾರು ಎನ್ನಲು ಕಾರಣವಿದೆ. ತಂಡ ಟ್ಯೂನರ್ ನೋಡಿ ಶ್ರುತಿ ಮಾಡಿದ್ದಲ್ಲ, ತಮ್ಮತಮ್ಮೊಳಗೆ ಕಿವಿಯಲ್ಲಿ ಹೊಂದಿಸಿಕೊಂಡದ್ದು. ನಿಮ್ಮ ಟ್ಯೂನರ್ ಸರಿ ಎಂದರೂ ಹಾಡಿನ ಜೊತೆ ಚೂರು ಎಳೆದಾಡಬಹುದು, ಹಾಡಿಗೇ ಶ್ರುತಿ ಸೇರಿಸಿಕೊಳ್ಳಿ. ತೇಲುವ ಬ್ರಿಡ್ಜ್ ಇರುವ ಗಿಟಾರ್ ಆದರೆ ತಂತಿ ಸಡಿಲವಾದ ಕೂಡಲೇ ಹಿಂದಿನ ಸ್ಪ್ರಿಂಗ್‌ಗಳು ಬ್ರಿಡ್ಜನ್ನು ಕೆಳಕ್ಕೆಳೆದು, ತಂತಿಗಳು ಫ್ರೆಟ್‌ಗೆ ತಾಗಿ ಗರಗರ ಎನ್ನುತ್ತವೆ. ಹಿಂಬದಿಯಲ್ಲಿ ಆ ಸ್ಪ್ರಿಂಗ್‌ಗಳನ್ನು ಹಿಡಿದಿರುವ ಕ್ಲಾ ಸ್ಕ್ರೂಗಳೆರಡನ್ನೂ ಕಾಲುಕಾಲು ಸುತ್ತು ಬಿಚ್ಚುತ್ತಾ, ಪ್ರತಿ ಸಲ ಶ್ರುತಿ ನೋಡುತ್ತಾ ಸರಿಮಾಡಿ.

ಈಗ ಆ ವೋಲ್ಟೇಜ್ ಜಗಳಕ್ಕೆ ಬರೋಣ. ಅಭಿಮಾನಿಗಳು 'ಬ್ರೌನ್ ಸೌಂಡ್' ಎಂದು ಕರೆಯುವ ಸದ್ದಿನ ಮೂಲ ಮಾರ್ಷಲ್ ಕಂಪನಿಯ 100 ವಾಟ್‌ನ ಸೂಪರ್ ಲೀಡ್ ವಾಲ್ವ್ ಆಂಪ್. ಅದರ ಗುಂಡಿಗಳನ್ನೆಲ್ಲ ಕೊನೆಗೆ ತಿರುಗಿಸಿ, ಅಮೆರಿಕದ 120 ವೋಲ್ಟ್ ಬದಲು, ವೋಲ್ಟೇಜ್ ಏರಿಳಿಸುವ ವೇರಿಯಾಕ್ ಮೂಲಕ 90ರ ಆಸುಪಾಸಿಗೆ ಇಳಿಸಿ ಕೊಡುತ್ತಿದ್ದರು. ವೋಲ್ಟೇಜ್ ಇಳಿದರೆ ಔಟ್‌ಪುಟ್ ವಾಲ್ವ್‌ಗಳು ಬೇಗ ದಣಿಯುತ್ತವೆ, ಸದ್ದಿನ ಅಂಚು ಒರಟು ಬಿಟ್ಟು ಮೆತ್ತಗಾಗುತ್ತದೆ. ಲೋ ವೋಲ್ಟೇಜ್ ಬಂದರೆ ಮಿಕ್ಸಿಯ ದನಿ ಹೇಗೆ ಬದಲಾಗುತ್ತದೆ ಎಂದು ಗೊತ್ತಿರುವ ನಮ್ಮವರಿಗೆ ಇದನ್ನು ವಿವರಿಸುವುದೇ ಬೇಡ. ಎಡ್ಡಿ ಕೆಲವು ಸಂದರ್ಶನಗಳಲ್ಲಿ ವೋಲ್ಟೇಜ್ ಏರಿಸುತ್ತಿದ್ದೆ ಎಂದೂ ಹೇಳಿದ್ದುಂಟು. ಅದನ್ನು ನಂಬಿ ಏರಿಸಿದರೆ ವಾಲ್ವ್, ಟ್ರಾನ್ಸ್‌ಫಾರ್ಮರ್ ಎರಡೂ ಹೋಗುತ್ತವೆ.

ನಮ್ಮ 230 ವೋಲ್ಟ್‌ನಲ್ಲಿ ಅದೇ ಪ್ರಮಾಣ ಅಂದರೆ ಸುಮಾರು 172. ವೇರಿಯಾಕ್ ಎಂದರೆ ಅರ್ಥವಾಗದ ಅಂಗಡಿಯಲ್ಲಿ ಡಿಮ್ಮರ್‌ಸ್ಟಾಟ್ ಎಂದು ಕೇಳಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದೇ ಹೆಸರು. 100 ವಾಟ್ ಆಂಪ್‌ಗೆ 4 ಆಂಪಿಯರ್‌ನದು ಸಾಕು. ಸಾಮಾನ್ಯವಾಗಿ ಅದರ ಡಯಲ್ 270ರವರೆಗೂ ಹೋಗುತ್ತದೆ, ಕೈ ತಪ್ಪಿ ಏರದಂತೆ 230ರ ಗುರುತಿನಲ್ಲಿ ತಡೆ ಹಾಕಿಸಿಕೊಳ್ಳಿ. ಅರ್ತಿಂಗ್ ಇಲ್ಲದ ಪ್ಲಗ್ ಪಾಯಿಂಟ್‌ನಲ್ಲಿ ಈ ಸಾಹಸ ಬೇಡವೇ ಬೇಡ, ಯಾಕೆಂದರೆ ಡಿಮ್ಮರ್‌ಸ್ಟಾಟ್ ಲೈನಿನಿಂದ ಬೇರ್ಪಡಿಸುವ ಸಾಧನವಲ್ಲ. ವೋಲ್ಟೇಜ್ ಕಾಲುಭಾಗ ಇಳಿದಾಗ ವಾಲ್ವ್ ಹೀಟರ್‌ಗೂ 6.3ರ ಬದಲು 4.7 ವೋಲ್ಟ್ ಸಿಗುತ್ತದೆ. ದಿನವೂ ಗಂಟೆಗಟ್ಟಲೆ ಹಾಗೆ ಓಡಿಸಿದರೆ ವಾಲ್ವ್‌ಗೆ ಒಳ್ಳೆಯದಲ್ಲ. ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್ ಆಂಪ್‌ಗಳಿಗೆ ಇದರಿಂದ ಏನೂ ಪ್ರಯೋಜನವಿಲ್ಲ, ಕೆಟ್ಟರೆ ಕೆಟ್ಟೀತು. ಮಲ್ಟಿ ಎಫೆಕ್ಟ್ ಬಳಸುವವರು ಪ್ಲೆಕ್ಸಿ (ಹಳೆಯ ಮಾರ್ಷಲ್ ಆಂಪ್) ಮಾಡೆಲ್ ಆರಿಸಿ, ಗೇನನ್ನು ನೀವಂದುಕೊಂಡದ್ದಕ್ಕಿಂತ ಕಡಿಮೆ ಇಟ್ಟರೆ ಹತ್ತಿರ ಬರುತ್ತೀರಿ. ಈ ಆಲ್ಬಮ್‌ನ ಗಿಟಾರ್ ನೆನಪಿನಲ್ಲಿ ಇರುವಷ್ಟು ಬಿರುಸಿನದಲ್ಲ. ಕಾರ್ಡ್‌ನ ಒಂದೊಂದು ತಂತಿಯೂ ಬೇರೆಬೇರೆ ಕೇಳಿಸುತ್ತದೆ.

ಗಿಟಾರ್ ಕೂಡ ಅಂಗಡಿಯಲ್ಲಿ ಕೊಂಡದ್ದಲ್ಲ. ಬೂಗಿ ಬಾಡೀಸ್‌ನಿಂದ 50 ಡಾಲರ್‌ಗೆ ತಂದ ಬಾಡಿ, 80 ಡಾಲರ್‌ನ ನೆಕ್, ಗಿಬ್ಸನ್ ಇಎಸ್-335ರಿಂದ ಕಿತ್ತ ಒಂದೇ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಒಂದೇ ಗುಂಡಿ. ಆ ಗುಂಡಿಯ ಮೇಲೆ 'ಟೋನ್' ಎಂದು ಬರೆದಿತ್ತು, ಕೆಲಸ ಮಾಡುತ್ತಿದ್ದುದು ವಾಲ್ಯೂಮ್‌ನದು. ಪಿಕಪ್ ಕಿರ್ರೆನ್ನದಿರಲಿ ಎಂದು ಕರಗಿದ ಮೇಣದಲ್ಲಿ ಅದ್ದಿದ್ದರು. ಈ ಮೇಣದ ಸ್ನಾನ ಮನೆಯಲ್ಲೂ ಆಗುತ್ತದೆ. ನಾಲ್ಕು ಪಾಲು ಪ್ಯಾರಫಿನ್, ಒಂದು ಪಾಲು ಜೇನುಮೇಣ, 65 ಡಿಗ್ರಿ ಸೆಲ್ಸಿಯಸ್ ಶಾಖ, ಗುಳ್ಳೆ ಏಳುವುದು ನಿಲ್ಲುವವರೆಗೆ 15–20 ನಿಮಿಷ. ಮೇಣದ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಡಬೇಕು. ನೇರ ಉರಿಯ ಮೇಲಿಟ್ಟರೆ ಪಿಕಪ್‌ನ ತಂತಿ ಸುತ್ತಿದ ಬಾಬಿನ್ ಸೊಟ್ಟಗಾಗುತ್ತದೆ, ಮೇಣಕ್ಕೆ ಬೆಂಕಿ ಹೊತ್ತುವ ಭಯವೂ ಇದೆ. ಎಡ್ಡಿಯವರೇ ಮೊದಮೊದಲು ಕೆಲವು ಪಿಕಪ್‌ಗಳನ್ನು ಹೀಗೆ ಕರಗಿಸಿ ಹಾಳುಮಾಡಿದ್ದರು. ಟ್ರೆಮಲೋ ಬಾರ್ ಬೇಡದ ಕೆಲವು ಹಾಡುಗಳಲ್ಲಿ ನುಡಿಸಿದ್ದು ಇಬಾನೆಜ್ ಡೆಸ್ಟ್ರಾಯರ್.

'ಅಟಾಮಿಕ್ ಪಂಕ್' ಶುರುವಾಗುವ ಗರಗಸದಂಥ ಸದ್ದು ತಂತಿಗಳ ಮೇಲೆ ಅಂಗೈ ಉಜ್ಜಿದ್ದು, ಜೊತೆಗೆ ಎಂಎಕ್ಸ್‌ಆರ್ ಕಂಪನಿಯ ಫೇಸ್ 90 ಎಫೆಕ್ಟ್ ಪೆಡಲ್. ಸ್ಪೀಡ್ ಗುಂಡಿ ಗಡಿಯಾರದ ಒಂಬತ್ತರಿಂದ ಹತ್ತರ ನಡುವೆ ಇರಲಿ. ಹೊಸ ಬ್ಲಾಕ್ ಲೋಗೋ ಪೆಡಲ್ ಹಳೆಯ ಸ್ಕ್ರಿಪ್ಟ್ ಲೋಗೋದ್ದಕ್ಕಿಂತ ಅಬ್ಬರ, ಹಳೆಯದರಲ್ಲಿ ಇಲ್ಲದ ಒಂದು ಫೀಡ್‌ಬ್ಯಾಕ್ ರೆಸಿಸ್ಟರ್ ಇದಕ್ಕೆ ಕಾರಣ. ಅದನ್ನು ತೆಗೆಸಿದರೆ ಸದ್ದು ತಣ್ಣಗಾಗುತ್ತದೆ.

'ಏಂಟ್ ಟಾಕಿನ್ ಬೌಟ್ ಲವ್' ಪಂಕ್ ಸಂಗೀತವನ್ನು ಅಣಕಿಸಲು ಕಟ್ಟಿದ ಹಾಡು. ಅಣಕವೇ ಅಸಲಿಗಿಂತ ಹೆಚ್ಚು ಬಾಳಿಬಿಟ್ಟಿತು. ಅದರ ಸೋಲೋದ ಮೇಲೆ ಎಲೆಕ್ಟ್ರಿಕ್ ಸಿತಾರ್ ಸೇರಿಸಿ ನುಡಿಸಿದ್ದಾರೆ. ಹೆಸರಿಗೆ ಸಿತಾರ್, ವಾಸ್ತವದಲ್ಲಿ ಅಗಲವಾದ ಚಪ್ಪಟೆ ಬ್ರಿಡ್ಜ್ ಇರುವ ಗಿಟಾರ್. ತಂತಿ ಆ ಚಪ್ಪಟೆಯ ಮೇಲೆ ಸವರಿಕೊಂಡು ಝೇಂಕರಿಸುತ್ತದೆ. ಧಾರವಾಡದ ಸಿತಾರ್‌ನವರು ಕೇಳಿದರೆ 'ಜವಾರಿ (ಬ್ರಿಡ್ಜ್‌ನ ಝೇಂಕಾರ) ಇನ್ನೂ ತೆರೀಬೇಕಿತ್ತು' ಅಂದಾರು, ಆದರೂ ಕಿವಿಗೊಟ್ಟರೆ ಆ ಎಳೆ ಗುರುತು ಸಿಗುತ್ತದೆ.

ಸೋಲೋಗಳ ಗದ್ದಲದಲ್ಲಿ ಜನ ಮರೆಯುವುದು ತಾಳವನ್ನು. 'ಐ ಆಮ್ ದ ಒನ್' ಹಾಡಿನ ಉರುಳುವ ಶಫಲ್ ತಾಳದಲ್ಲಿ ಅಣ್ಣ ಅಲೆಕ್ಸ್ ಡ್ರಮ್ಸ್‌ನಲ್ಲಿ, ತಮ್ಮ ಎಡ್ಡಿ ಗಿಟಾರ್‌ನಲ್ಲಿ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತಾರೆ. ಆ ಓಟದ ನಡುವೆ ಎಲ್ಲ ವಾದ್ಯ ನಿಲ್ಲಿಸಿ ಬರೀ ಬಾಯಲ್ಲಿ ಹಾಡುವ ತರಲೆ ಬೇರೆ. ಗಿಟಾರ್ ಕಲಿಯುವವರು 'ಇರಪ್ಷನ್'ಗೆ ಕೊಡುವ ಸಮಯದ ಅರ್ಧವನ್ನು ಈ ಹಾಡಿನ ಬಲಗೈಗೆ ಕೊಟ್ಟರೆ ಹೆಚ್ಚು ಲಾಭ. ಮೈಕಲ್ ಆಂಥನಿ ಅವರ ಎತ್ತರದ ಹಿನ್ನೆಲೆ ದನಿ ಆಲ್ಬಮ್‌ನ ಗುಟ್ಟಿನ ಬಂಡವಾಳ. ಅವರ ಬೇಸ್‌ಗೆ ಮಾತ್ರ ಅನ್ಯಾಯವಾಗಿದೆ, ಮಿಕ್ಸ್‌ನಲ್ಲಿ ತೀರ ಹಿಂದಿದೆ. ಸಾಹಿತ್ಯದ ಬಗ್ಗೆ ಹೇಳದಿರುವುದೇ ವಾಸಿ. 'ಫೀಲ್ ಯುವರ್ ಲವ್ ಟುನೈಟ್' ಇಲ್ಲದಿದ್ದರೂ ಯಾರೂ ಹುಡುಕುತ್ತಿರಲಿಲ್ಲ.

ಯಾವ ಪ್ರತಿ ಕೊಳ್ಳುವುದು? ಒಟ್ಟು 35 ನಿಮಿಷ ಚಿಲ್ಲರೆ, ಎಲ್‌ಪಿಯ ಮೊದಲ ಬದಿ ಹದಿನೈದೂವರೆ ನಿಮಿಷ, ಎರಡನೆಯದು ಇಪ್ಪತ್ತು. ಹಳೆಯ ಎಲ್‌ಪಿ ಕೊಳ್ಳುವಾಗ ಪ್ರತಿ ಬದಿಯ ಕೊನೆಯ ಹಾಡನ್ನು ಹಾಕಿಸಿ ಕೇಳಿ. ಒಳಗಿನ ಗೀರುಗಳಲ್ಲಿ ಮುಳ್ಳಿನ ಸವೆತ ಮೊದಲು ಕಾಣಿಸುತ್ತದೆ, 'ಆನ್ ಫೈರ್'ನಲ್ಲಿ ರಾತ್ ಕೂಗುವಾಗ ಸದ್ದು ಒಡೆದರೆ ಆ ಪ್ರತಿ ಬಿಟ್ಟುಬಿಡಿ. ಹೊಸದು ಬೇಕಾದರೆ 2015ರ ರಿಮಾಸ್ಟರ್ ಧಾರಾಳವಾಗಿ ಸಾಕು. ಮೊಬೈಲ್ ಫಿಡೆಲಿಟಿಯ 45 ಆರ್‌ಪಿಎಂ ಜೋಡಿ ಎಲ್‌ಪಿ ದುಬಾರಿ, ಜೊತೆಗೆ ಅರ್ಧ ಗಂಟೆಯ ಆಲ್ಬಮ್‌ಗೆ ಮೂರು ಸಲ ಎದ್ದು ತಟ್ಟೆ ತಿರುವಬೇಕು. ಆ ಹಣಕ್ಕೆ ಒಳ್ಳೆಯ ಹೆಡ್‌ಫೋನ್ ಬರುತ್ತದೆ.

ಫೋನಿನಲ್ಲಿ ಕೇಳುವವರು ಶಫಲ್ ಜೊತೆಗೆ ಕ್ರಾಸ್‌ಫೇಡನ್ನೂ ಆಫ್ ಮಾಡಿ. 'ಇರಪ್ಷನ್' ಕೊನೆಯಲ್ಲಿ ಯೂನಿವಾಕ್ಸ್ ಎಕೋ ಯಂತ್ರದ ಪ್ರತಿಧ್ವನಿ ಕೆಳಕ್ಕೆ ಜಾರುತ್ತಾ ಮುಗಿಯುತ್ತದೆ, ಬೆನ್ನಿಗೇ 'ಯು ರಿಯಲಿ ಗಾಟ್ ಮಿ' ರಿಫ್ ಬಂದು ಹೊಡೆಯುತ್ತದೆ. ಐದು ಸೆಕೆಂಡಿನ ಕ್ರಾಸ್‌ಫೇಡ್ ಇದ್ದರೆ ಆ ಜಾರುವಿಕೆಯ ಮೇಲೇ ರಿಫ್ ಬಿದ್ದು, ಎರಡೂ ಕೇಳಿಸದೆ ಹೋಗುತ್ತವೆ.