ಕ್ಲೋಟ್ರಿಮಜೋಲ್ ಮೌತ್ ಪೇಂಟ್: ಬಾಯಿಗೆ ಸರಿ, ಗಂಟಲಿಗಲ್ಲ

ಮುಂಬೈಯ ಧಾರಾವಿಯಿಂದ ಶೀವ್‌ವರೆಗೆ ಯಾವ ಮೆಡಿಕಲ್‌ನಲ್ಲಿ ಕೇಳಿದರೂ ಸಿಗುವ, ಬಾಯೊಳಗೆ ಹಚ್ಚುವ ಬೂಷ್ಟಿನ ಮದ್ದಿನ ಪುಟ್ಟ ಬಾಟಲಿ. 1% ಕ್ಲೋಟ್ರಿಮಜೋಲ್, ಅಂದರೆ ಒಂದು ಮಿಲಿಗೆ 10 ಮಿಲಿಗ್ರಾಂ. ಎಚ್‌ಐವಿ ಇರುವ ಮಕ್ಕಳ ಬಾಯಲ್ಲಿ ಏಳುವ ಕ್ಯಾಂಡಿಡಾ ಬೂಷ್ಟಿಗೆ, ಅಂದರೆ ಥ್ರಶ್‌ಗೆ, ಐದರಲ್ಲಿ ಮೂರೂವರೆ ಅಂಕ.

ಮೊದಲು ಬಾಯಿ ನೋಡಿ. ಕೆನ್ನೆಯ ಒಳಗೆ, ನಾಲಿಗೆ, ಅಂಗುಳಿನ ಮೇಲೆ ಒಡೆದ ಮೊಸರಿನಂಥ ಬಿಳಿ. ಒದ್ದೆ ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿದರೆ ಹಾಲಿನ ಕಲೆ ಸಲೀಸಾಗಿ ಹೋಗುತ್ತದೆ. ಥ್ರಶ್ ಎದ್ದು ಬಂದರೆ ಅಡಿ ಕೆಂಪಗಿರುತ್ತದೆ, ಒಮ್ಮೊಮ್ಮೆ ರಕ್ತ ಜಿನುಗುತ್ತದೆ. ಗೊತ್ತಾದ ಮೇಲೆ ಮತ್ತೆ ಮತ್ತೆ ಕೀಳಬೇಡಿ.

ಊಟವೋ ಹಾಲೋ ಆದ ಮೇಲೆ, ದಿನಕ್ಕೆ ಮೂರು-ನಾಲ್ಕು ಸಲ, ಸ್ವಚ್ಛ ಹತ್ತಿಯಲ್ಲಿ ಅದ್ದಿ ಬಿಳಿ ಇರುವಲ್ಲೆಲ್ಲ ಒತ್ತಿ ಹಚ್ಚಬೇಕು. ಆಮೇಲೆ ಅರ್ಧ ಗಂಟೆ ನೀರೂ ಬೇಡ. ಎಡವುವುದು ಇಲ್ಲೇ: ಮಗು ಅಳುತ್ತದೆ, ಸಮಾಧಾನಕ್ಕೆ ಹಾಲು ಕೊಡುತ್ತಾರೆ, ಔಷಧ ಹೊಟ್ಟೆ ಸೇರುತ್ತದೆ. ಬಾಯಲ್ಲಿ ಅಂಟಿಕೊಂಡಷ್ಟು ಹೊತ್ತು ಮಾತ್ರ ಇದರ ಆಟ. ಮೂರನೇ ದಿನ ಬಿಳಿ ಮಾಯವಾಯಿತೆಂದು ನಿಲ್ಲಿಸುವುದು ಇನ್ನೊಂದು ತಪ್ಪು. ಸಾಮಾನ್ಯವಾಗಿ 7ರಿಂದ 14 ದಿನ ಬೇಕು. ಬಾಟಲಿ ಹಾಲು ಕುಡಿಯುವ ಕೂಸಾದರೆ ನಿಪ್ಪಲ್ ದಿನಾ ಕುದಿಸಿ.

ಕೌಂಟರಿನಲ್ಲಿ ಹುಷಾರು. ಒಂದೇ ಬ್ರ್ಯಾಂಡ್ ಹೆಸರಿನಲ್ಲಿ ಕಿವಿಗೆ ಹನಿ, ಮೈಗೆ ಲೋಶನ್, ಪೌಡರ್ ಎಲ್ಲ ಇರುತ್ತವೆ. ‘ಮೌತ್ ಪೇಂಟ್’ ಎಂದಿದೆಯೇ ಓದಿ. ಮರಾಠಿಯಲ್ಲಿ ‘ತೋಂಡ್ ಆಲಂಯ್’ (ಬಾಯಿ ಹುಣ್ಣಾಗಿದೆ) ಎಂದುಬಿಟ್ಟರೆ ಬಾಯಿಹುಣ್ಣಿನ ಕೋಲೀನ್ ಸ್ಯಾಲಿಸಿಲೇಟ್ ಜೆಲ್ ಕೈಗೆ ಬರಬಹುದು. ಅದು ನೋವಿನ ಮದ್ದು, ಬೂಷ್ಟಿನದಲ್ಲ, ಮಕ್ಕಳಿಗೆ ಸಲ್ಲದು ಕೂಡ. ಸ್ಟೀರಾಯ್ಡ್ ಪೇಸ್ಟ್ ಅಂತೂ ಬೂಷ್ಟಿಗೆ ಗೊಬ್ಬರ ಹಾಕಿದಂತೆ. ಉಳಿದ ಪೇಂಟನ್ನು ಮೈಮೇಲಿನ ಗುಳ್ಳೆಗೆ ಸವರಿಯೂ ಉಪಯೋಗವಿಲ್ಲ: ಕಜ್ಜಿ ಹುಳುವಿನದು, ಸರ್ಪಸುತ್ತು ಮತ್ತು ಮೊಲಸ್ಕಂ (ಮುತ್ತಿನಂಥ ಗುಳ್ಳೆ) ವೈರಸ್ಸಿನವು.

ಒಂದೂವರೆ ಅಂಕ ಕಡಿಮೆಯಾದದ್ದು ಗಂಟಲಿಗೆ. ಮಗು ನುಂಗುವಾಗ ಅಳುತ್ತಿದ್ದರೆ, ಜೊಲ್ಲು ಸುರಿಸುತ್ತ ಅನ್ನ ದೂಡುತ್ತಿದ್ದರೆ ಬೂಷ್ಟು ಅನ್ನನಾಳಕ್ಕೆ ಇಳಿದಿರಬಹುದು. ಪೇಂಟ್ ಅಲ್ಲಿಗೆ ಮುಟ್ಟುವುದಿಲ್ಲ. ಆಗ ಬೇಕಾದದ್ದು ನುಂಗುವ ಬೂಷ್ಟಿನ ಮದ್ದು ಫ್ಲುಕೊನಜೋಲ್: ಮೊದಲ ದಿನ ಕಿಲೋ ತೂಕಕ್ಕೆ 6 ಮಿಲಿಗ್ರಾಂ, ಮುಂದೆ ದಿನಕ್ಕೆ ಕಿಲೋಗೆ 3ರಿಂದ 6, ಸಾಮಾನ್ಯವಾಗಿ 14ರಿಂದ 21 ದಿನ. ಎಆರ್‌ಟಿಯಲ್ಲಿ, ಅಂದರೆ ಎಚ್‌ಐವಿ ಹತೋಟಿಯ ಔಷಧಗಳಲ್ಲಿ, ನೆವಿರಪಿನ್ ಇದ್ದರೆ ಅದರ ಜೊತೆ ತಿಕ್ಕಾಟವಿದೆ, ಹಾಗಾಗಿ ಡಾಕ್ಟರೇ ಬರೆಯಬೇಕು.

ಹುಟ್ಟಿ 6-8 ವಾರ ದಾಟಿದ ಮೇಲೂ ಬಿಡದೆ ಕಾಡುವ ಥ್ರಶ್ಶನ್ನು ವಿಶ್ವ ಆರೋಗ್ಯ ಸಂಸ್ಥೆ ಎಚ್‌ಐವಿಯ ಮೂರನೇ ಹಂತಕ್ಕೆ ಸೇರಿಸುತ್ತದೆ. ಅಂಥಲ್ಲಿ ಎರಡನೇ ಬಾಟಲಿ ಕೊಳ್ಳುವ ಮುನ್ನ ಎಆರ್‌ಟಿ ಗುಳಿಗೆ ತಪ್ಪಿದೆಯೇ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ಸಿನ ಪ್ರಮಾಣ) ಎಷ್ಟಿದೆ ನೋಡಿಸಿ. ಶೀವ್‌ನ ಲೋಕಮಾನ್ಯ ತಿಲಕ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ ಎಆರ್‌ಟಿ ವಿಭಾಗವಿದೆ. ಮೆಡಿಕಲ್‌ನವನಿಗೆ ಮಾತ್ರ ಔಷಧದ ಹೆಸರು ಹೇಳಿದರೆ ಸಾಕು, ಮಗುವಿನ ಎಚ್‌ಐವಿ ವಿಚಾರ ಬೇಕಿಲ್ಲ.