ಲ್ಯಾಂಗೊಲೆನ್ ಕಾಲುವೆಯಲ್ಲಿ ಬಾಡಿಗೆ ದೋಣಿ: ದೋಣಿಗೆ ನಾಲ್ಕು ಸ್ಟಾರ್, ಪಾಠಕ್ಕೆ ಎರಡು

ಮೊದಲೇ ಹೇಳಿಬಿಡುತ್ತೇನೆ. ದೋಣಿಗೆ ನಾಲ್ಕು ಸ್ಟಾರ್. ಕಾಲುವೆಗೆ ಐದು. ದೋಣಿ ಕೈಗೆ ಕೊಡುವಾಗ ಬಾಡಿಗೆ ಕಂಪನಿಯವರು ಮಾಡಿದ ಪಾಠಕ್ಕೆ ಎರಡು, ಅದೂ ಪಾಪ ಆ ಹುಡುಗನ ಮುಖ ನೋಡಿ. ಕಂಪನಿ ಹೆಸರು ಹಾಕುತ್ತಿಲ್ಲ. ನನ್ನ ತಕರಾರು ಅವರೊಬ್ಬರ ಮೇಲಲ್ಲ, ಈ ವ್ಯಾಪಾರದ ಒಂದು ಅಭ್ಯಾಸದ ಮೇಲೆ.

ನಾವಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಬೇಸಿಗೆಗೆ ಮಂಡ್ಯದಿಂದ ಅಪ್ಪ ಅಮ್ಮ ಬಂದಿದ್ದರು. ಲಂಡನ್ ಹಿಂದಿನ ಸಲವೇ ತೋರಿಸಿ ಆಗಿತ್ತು. ಅಪ್ಪನಿಗೆ ಮೊಣಕಾಲು ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಮನೆಯೇ ಜೊತೆಗೆ ಬಂದರೆ ಒಳ್ಳೇದಲ್ವಾ ಅಂತ ಒಂದು ವಾರಕ್ಕೆ ನ್ಯಾರೋಬೋಟ್ ಹಿಡಿದೆವು. ಅಗಲ ಏಳಡಿಗಿಂತ ಸ್ವಲ್ಪ ಕಮ್ಮಿ, ಉದ್ದ 60 ಅಡಿ, ಆರು ಜನ ಮಲಗಬಹುದು. ಚೆಷೈರ್ ಕಡೆಯಿಂದ ಹೊರಟು ವೇಲ್ಸ್‌ನ ಲ್ಯಾಂಗೊಲೆನ್ ಊರಿಗೆ ಹೋಗಿ ವಾಪಸ್ ಬರುವುದು. ಕಾಲುವೆ ಶುರುವಾಗುವ ಹರ್ಲ್‌ಸ್ಟನ್‌ನಿಂದ ಲ್ಯಾಂಗೊಲೆನ್‌ವರೆಗೆ ಒಟ್ಟು 21 ಲಾಕ್ ಇವೆ, ಅಂದರೆ ದೋಣಿಯನ್ನು ಎತ್ತಿ ಇಳಿಸುವ ಗೇಟಿನ ಗುಂಡಿಗಳು.

ದೋಣಿ ಬಗ್ಗೆ ಬೇಗ ಮುಗಿಸುತ್ತೇನೆ. ಚೊಕ್ಕಟವಾಗಿತ್ತು. ಗ್ಯಾಸ್ ಒಲೆ, ಫ್ರಿಜ್, ಬಿಸಿನೀರು, ಹೀಟರ್ ಎಲ್ಲವೂ ಸರಿಯಾಗಿ ಕೆಲಸ ಮಾಡಿದವು. ಅಮ್ಮ ಊರಿಂದಲೇ ಮುದ್ದೆ ಕೋಲು ತಂದಿದ್ದರು. ಪಾತ್ರೆ ಅಲ್ಲಾಡದಂತೆ ಒಬ್ಬರು ಹಿಡಿದುಕೊಂಡರೆ ದೋಣಿ ಹೋಗುತ್ತಿರುವಾಗಲೂ ಮುದ್ದೆ ತಿರುವಬಹುದು. ಕುಕ್ಕರ್ ವಿಷಲ್ ಹೊಡೆದಾಗ ದಡದ ಮೇಲೆ ನಾಯಿ ಜೊತೆ ಹೋಗುತ್ತಿದ್ದವರು ಬೆಚ್ಚಿ ತಿರುಗಿದ್ದೂ ಉಂಟು. ಸ್ನಾನದ ಮನೆಯ ನೀರು ನಿಧಾನಕ್ಕೆ ಹೋಗುತ್ತೆ. ಊಟದ ಮೇಜನ್ನೇ ಮಡಚಿ ಮಾಡುವ ಹಾಸಿಗೆ ನನ್ನ ಮಗನಿಗೂ ಸಾಲಲಿಲ್ಲ. ಒಂದು ಸ್ಟಾರ್ ಕಳೆದಿದ್ದು ಇವೆರಡಕ್ಕೆ.

ಈಗ ಪಾಠಕ್ಕೆ ಬರೋಣ. ದೋಣಿ ಕೊಟ್ಟ ಹುಡುಗ ಎಂಜಿನ್ ಆಯಿಲ್ ತೋರಿಸಿದ, ಗ್ಯಾಸ್ ಬಂದ್ ಮಾಡೋದು ತೋರಿಸಿದ, ಟಾಯ್ಲೆಟ್ ಬಗ್ಗೆ ಅಗತ್ಯಕ್ಕಿಂತ ಜಾಸ್ತಿಯೇ ಹೇಳಿದ. ಚುಕ್ಕಾಣಿ ಎಡಕ್ಕೆ ತಳ್ಳಿದರೆ ಮೂತಿ ಬಲಕ್ಕೆ ಹೋಗುತ್ತೆ ಅಂತ ನನ್ನ ಗಂಡನಿಗೆ ಮಾಡಿ ತೋರಿಸಿದ. ಲಾಕ್ ಬಗ್ಗೆ ಕೇಳಿದರೆ, ಒಂದು ಕಬ್ಬಿಣದ ಹ್ಯಾಂಡಲ್ ಕೊಟ್ಟು, ಫೈಲ್‌ನಲ್ಲಿ ಚಿತ್ರ ಇದೆ, ನೋಡಿಕೊಳ್ಳಿ ಅಂದ. ಮುಂದಿನ ಗಿರಾಕಿ ಆಗಲೇ ಸೂಟ್‌ಕೇಸ್ ಹಿಡಿದು ನಿಂತಿದ್ದರು.

ಚಿತ್ರದಲ್ಲಿ ಗೇಟ್ ತೆಗೆಯೋದು ಹೇಗೆ ಅಂತ ಇದೆ, ಸರಿ. ಎದುರಿಂದ ಇನ್ನೊಬ್ಬರು ಬಂದರೆ ಮೊದಲು ಯಾರು ಹೋಗಬೇಕು? ಬೇರೆಯವರ ದೋಣಿಗೆ ನಾವು ತೂಬು ಎತ್ತಬಹುದಾ? ಹೊರಟ ಮೇಲೆ ಗೇಟ್ ಮುಚ್ಚಬೇಕಾ? ಆ ವಾರ ನಮಗೆ ಬೇಕಾಗಿದ್ದು ಇವು. ಇವನ್ನೆಲ್ಲ ಹೇಳಿಕೊಟ್ಟಿದ್ದು ದಾರಿಯಲ್ಲಿ ಸಿಕ್ಕ ಜನ.

ಲಾಕ್ ಅಂದರೆ ಎರಡು ಕಡೆ ಮರದ ಗೇಟ್ ಇರುವ ಕಲ್ಲಿನ ಗುಂಡಿ. ಕಾಲುವೆ ಏರುವ ಕಡೆ, ಇಳಿಯುವ ಕಡೆ ದೋಣಿಯನ್ನು ನೀರಿನ ಸಮೇತ ಎತ್ತಿ ಇಳಿಸುತ್ತೆ. ಗೇಟಿನಲ್ಲೋ ಪಕ್ಕದ ನೆಲದೊಳಗೋ ತೂಬಿನ ಹಲಗೆ ಇರುತ್ತೆ, ಇಲ್ಲಿಯವರು ಪ್ಯಾಡಲ್ ಅನ್ನುತ್ತಾರೆ. ಆ ಕಬ್ಬಿಣದ ಹ್ಯಾಂಡಲ್, ಅಂದರೆ ವಿಂಡ್‌ಲಾಸ್, ಹಾಕಿ ತಿರುಗಿಸಿದರೆ ಹಲಗೆ ಕಟಕಟ ಅಂತ ಮೇಲೇಳುತ್ತೆ. ಕೆಳಗೆ ಜಾರದಂತೆ ಒಂದು ಸಣ್ಣ ಕೊಕ್ಕೆ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. ಕೊಕ್ಕೆ ಕೂತಿದೆಯಾ ನೋಡಬೇಕು, ಹ್ಯಾಂಡಲ್ ತಕ್ಷಣ ಕೈಗೆ ತೆಗೆದುಕೊಳ್ಳಬೇಕು. ಅಲ್ಲೇ ಬಿಟ್ಟು ಕೊಕ್ಕೆ ಜಾರಿತೋ, ಹ್ಯಾಂಡಲ್ ಗಿರ್ರನೆ ತಿರುಗಿ ಹಾರಿ ಯಾರ ಮುಖಕ್ಕೆ ಬಡಿಯುತ್ತೋ ಹೇಳೋಕಾಗಲ್ಲ. ಇದನ್ನೂ ಆ ಹುಡುಗ ಹೇಳಲಿಲ್ಲ.

ಅಪ್ಪನಿಗೆ ಮಾತ್ರ ಯಾರೂ ಏನೂ ಹೇಳಬೇಕಾಗಲಿಲ್ಲ. ನಮ್ಮ ಜಮೀನು ವಿ.ಸಿ. ನಾಲೆಯ ಕೊನೇ ಭಾಗದಲ್ಲಿದೆ. ಮೇಲಿನವರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ತೂಬು ಎತ್ತೋರು ಯಾರು, ಎಷ್ಟು ಹೊತ್ತು, ಆಮೇಲೆ ಯಾರ ಸರದಿ, ಇದೇ ಅವರ ಜೀವನ. ಇಂಗ್ಲಿಷ್ ಬರಲ್ಲ, ಆದರೆ ಎರಡನೇ ಲಾಕ್ ಮುಗಿಯೋ ಹೊತ್ತಿಗೆ ಅದರ ಲೆಕ್ಕ ಅವರಿಗೆ ಪೂರ್ತಿ ಗೊತ್ತಾಗಿತ್ತು.

ಆ ಲೆಕ್ಕ ಹೀಗೆ. ನಾವು ಮೇಲಕ್ಕೆ ಹೋಗಬೇಕು. ಲಾಕ್ ತುಂಬಿದೆ. ಮೇಲಿನಿಂದ ಒಂದು ದೋಣಿ ಬರುತ್ತಿರುವುದು ಕಾಣುತ್ತಿದೆ. ಆಗ ನಾವು ಸುಮ್ನೆ ಕಾಯಬೇಕು. ಅವರು ತುಂಬಿದ ಲಾಕ್‌ಗೆ ನೇರ ಬರುತ್ತಾರೆ, ನೀರಿನ ಜೊತೆ ಇಳಿಯುತ್ತಾರೆ, ಗೇಟ್ ತೆಗೆದು ಹೊರಗೆ ಬರುತ್ತಾರೆ. ಗೇಟ್ ಮುಚ್ಚದೆ ನಮಗೆ ಬಿಟ್ಟು ಹೋಗುತ್ತಾರೆ. ಖಾಲಿ ಲಾಕ್ ನಮಗೆ ರೆಡಿ. ಇಬ್ಬರಿಗೂ ಒಂದೇ ಸಲದ ನೀರು. 70 ಅಡಿ ಉದ್ದ, 7 ಅಡಿ ಅಗಲದ ಗುಂಡಿಯಲ್ಲಿ ನೀರು 8 ಅಡಿ ಇಳಿದರೆ 1 ಲಕ್ಷ ಲೀಟರ್‌ಗಿಂತ ಜಾಸ್ತಿ ಹೋಗುತ್ತೆ. ಯಾರೂ ಬರುತ್ತಿಲ್ಲ ಅಂದರೆ ಮಾತ್ರ ಹೊರಟ ಮೇಲೆ ಗೇಟ್ ಮುಚ್ಚಿ, ಪ್ಯಾಡಲ್ ಎಲ್ಲ ಇಳಿಸಿ ಹೋಗಬೇಕು.

ನಮ್ಮ ಮುಂದೆ ಇನ್ನೊಂದು ಬಾಡಿಗೆ ದೋಣಿ ಇತ್ತು, ಆರು ಹುಡುಗರು, ಬಿಯರ್ ಕ್ಯಾನ್, ಜೋರು ಹಾಡು. ಮೇಲಿನಿಂದ ವಯಸ್ಸಾದ ಗಂಡ ಹೆಂಡತಿಯ ಹಸಿರು ದೋಣಿ ಬರುತ್ತಿತ್ತು, ಲಾಕ್‌ಗೆ ಹತ್ತಿರವೇ ಇತ್ತು. ಈ ಹುಡುಗರು ಓಡಿ ಹೋಗಿ ಕೆಳಗಿನ ಎರಡೂ ಪ್ಯಾಡಲ್ ಎತ್ತಿ ಅಷ್ಟೂ ನೀರು ಬಿಟ್ಟುಬಿಟ್ಟರು. ಆ ಹೆಂಗಸು ಕೂಗಾಡಲಿಲ್ಲ. ಕೆಳಗೆ ನಡೆದುಕೊಂಡು ಬಂದು, "ನಾವು ಬರ್ತಿದ್ದಿದ್ದು ನಿಮಗೆ ಕಾಣಿಸಲಿಲ್ಲ ಅನ್ಸುತ್ತೆ, ಪರವಾಗಿಲ್ಲ" ಅಂತ ನಗುತ್ತಾ ಹೇಳಿದರು. ಹುಡುಗರಿಗೆ ಅದು ಬೈಗುಳ ಅಂತ ಗೊತ್ತಾಗಲೇ ಇಲ್ಲ. ಹತ್ತು ವರ್ಷ ಈ ದೇಶದಲ್ಲಿದ್ದ ನನಗೆ ಗೊತ್ತಾಯ್ತು. ಅಪ್ಪ ಮಾತ್ರ ಮುಂದಿನ ಡೆಕ್ ಮೇಲೆ ಎದ್ದು ನಿಂತೇಬಿಟ್ಟಿದ್ದರು. "ತುಂಬಿದ್ ನೀರ್ನ ಸುಮ್ನೆ ಬುಟ್‌ಬುಟ್ರಲ್ಲವ್ವ! ಎದ್ರುಗ್ ಬತ್ತಾ ಇರೋರು ಕಾಣಾಕಿಲ್ವಾ ಇವ್ರ್‌ಗೆ?"

ಹುಡುಗರನ್ನೇ ಬೈದು ಏನು ಪ್ರಯೋಜನ. ಅವರಿಗೂ ಯಾರೋ ಫೈಲ್ ಕೊಟ್ಟು ಕಳಿಸಿರುತ್ತಾರೆ.

ನಮಗೆ ನಿಜವಾದ ಪಾಠ ಆಗಿದ್ದು ವಿಟ್‌ಚರ್ಚ್ ಹತ್ತಿರದ ಗ್ರಿಂಡ್ಲಿ ಬ್ರೂಕ್‌ನಲ್ಲಿ. ಅಲ್ಲಿ ಮೂರು ಬಿಡಿ ಲಾಕ್, ಅವುಗಳ ಮೇಲೆ ಒಂದಕ್ಕೊಂದು ಅಂಟಿಕೊಂಡ ಮೂರು ಲಾಕ್‌ಗಳ ಮೆಟ್ಟಿಲು. ಮೆಟ್ಟಿಲಲ್ಲಿ ಒಂದರ ಮೇಲಿನ ಗೇಟೇ ಇನ್ನೊಂದರ ಕೆಳಗಿನ ಗೇಟು. ಮಧ್ಯೆ ಎದುರುಬದುರು ಸಿಕ್ಕಿಕೊಂಡರೆ ಪಕ್ಕಕ್ಕೆ ಸರಿಯಲು ಜಾಗವೇ ಇಲ್ಲ. ಅದಕ್ಕೇ ಸೀಸನ್‌ನಲ್ಲಿ ಲಾಕ್ ಕೀಪರ್ ಇರುತ್ತಾರೆ, ಮೇಲಿನವರು ಒಂದಷ್ಟು, ಕೆಳಗಿನವರು ಒಂದಷ್ಟು ಅಂತ ಬಿಡುತ್ತಾರೆ. ಕಾಲುವೆ ನೋಡಿಕೊಳ್ಳುವುದು ಕೆನಾಲ್ ಆಂಡ್ ರಿವರ್ ಟ್ರಸ್ಟ್, 2012ರಲ್ಲಿ ಸರ್ಕಾರಿ ಬ್ರಿಟಿಷ್ ವಾಟರ್‌ವೇಸ್ ಕೈಯಿಂದ ಜವಾಬ್ದಾರಿ ತೆಗೆದುಕೊಂಡ ಸಂಸ್ಥೆ. ಲಾಕ್‌ಗಳಲ್ಲಿ ಸಂಬಳ ಇಲ್ಲದೆ ಕೆಲಸ ಮಾಡುವ ಸ್ವಯಂಸೇವಕರು ಬಹಳ. ನಮ್ಮ ದಿನ ಇದ್ದವರು ರಿಟೈರ್ ಆದ ಮೇಷ್ಟ್ರು. ಅಪ್ಪ ಅವರನ್ನು ನೋಡಿದ ಕೂಡಲೇ "ನೀರುಗಂಟಿ" ಅಂತ ಗುರುತು ಹಿಡಿದರು. ನಮ್ಮ ಕಡೆ ಕೆರೆ ತೂಬು ಕಾಯುವವರಂತೆಯೇ, ಇವರ ಮಾತಿಗೂ ಎದುರಾಡುವವರು ಯಾರೂ ಇರಲಿಲ್ಲ.

ಕ್ಯೂ ಉದ್ದ ಇತ್ತು. ಆದರೆ ಕ್ಯೂನಲ್ಲಿ ಯಾರೂ ಸುಮ್ನೆ ಕೂರಲ್ಲ. ತಮ್ಮ ದೋಣಿ ಕಟ್ಟಿ, ಹ್ಯಾಂಡಲ್ ಹಿಡಿದು ಮುಂದಿನವರ ಗೇಟ್ ತಳ್ಳೋಕೆ ಹೋಗುತ್ತಾರೆ. ಗೇಟಿನ ಉದ್ದನೆ ಮರದ ತೊಲೆಗೆ ಬೆನ್ನು ಕೊಟ್ಟು ಹಿಂದಕ್ಕೆ ಒತ್ತಬೇಕು. ಎರಡೂ ಕಡೆ ನೀರು ಸಮ ಆಗೋವರೆಗೆ ಅದು ಕದಲಲ್ಲ, ಸಮ ಆದ ಕ್ಷಣ ತಾನಾಗೇ ಹಗುರ ಆಗುತ್ತೆ. ನನ್ನ ಮಗ ಉತ್ಸಾಹದಲ್ಲಿ ಯಾರದೋ ದೋಣಿಗೆ ಪ್ಯಾಡಲ್ ಎತ್ತಲು ಹೋದ. ಮೇಷ್ಟ್ರು ಅವನ ಕೈ ಮೇಲೆ ಮೆಲ್ಲಗೆ ಕೈ ಇಟ್ಟು ಹಿಂದೆ ಚುಕ್ಕಾಣಿ ಹಿಡಿದ ಹೆಂಗಸನ್ನು ತೋರಿಸಿದರು. "ಅವರು ಹೆಬ್ಬೆರಳು ಎತ್ತಿದ ಮೇಲೆ." ಎಂಜಿನ್ ಸದ್ದಲ್ಲಿ ಮಾತು ಕೇಳಿಸಲ್ಲ, ಅದಕ್ಕೇ ಕೈಸನ್ನೆ. ಒಳಗೆ ಯಾರೋ ಬಿಸಿ ಪಾತ್ರೆ ಹಿಡಿದಿರಬಹುದು, ಮಗು ಮೆಟ್ಟಿಲ ಮೇಲಿರಬಹುದು. ಜೋರಾಗಿ ನೀರು ಬಿಟ್ಟರೆ ದೋಣಿ ಗುಂಡಿಯೊಳಗೆ ಹಿಂದೆ ಮುಂದೆ ಬಡಿದಾಡುತ್ತೆ. ಸಹಾಯ ಮಾಡೋದು ಒಳ್ಳೇದೇ, ಕೇಳದೆ ಮಾಡಬಾರದು.

ಇಳಿಯುವಾಗಿನ ಅಪಾಯವನ್ನೂ ಅವರೇ ತೋರಿಸಿದರು. ಮೇಲಿನ ಗೇಟಿನ ಒಳಗಡೆ ನೀರಿನಡಿ ಒಂದು ಕಲ್ಲಿನ ಹೊಸ್ತಿಲು ಇರುತ್ತೆ. ದೋಣಿಯ ಹಿಂಭಾಗ ಅದರ ಮೇಲೆ ಉಳಿದರೆ ನೀರು ಇಳಿದಂತೆ ಮೂತಿ ಕೆಳಗೆ, ಬಾಲ ಮೇಲೆ. ದೋಣಿ ಮುಳುಗಬಹುದು. ಗೋಡೆ ಮೇಲೆ ಬಿಳಿ ಗೆರೆ ಹಾಕಿರುತ್ತಾರೆ, ಅದಕ್ಕಿಂತ ಮುಂದೆ ಇರಬೇಕು. ಇಷ್ಟು ಮುಖ್ಯವಾದದ್ದನ್ನು ಟಾಯ್ಲೆಟ್ ವಿಷಯ ಹೇಳಿದಷ್ಟಾದರೂ ಬಿಡಿಸಿ ಹೇಳಬೇಡವೇ?

ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಇನ್ನೊಂದು ನಿಯಮ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ. ಆದರೆ ಕಟ್ಟಿದ ದೋಣಿ ಕಂಡರೆ ಅದೂ ಜಾಸ್ತಿ. ಎಂಜಿನ್ ವೇಗವನ್ನು ತೀರಾ ಕಮ್ಮಿಗೆ ಇಳಿಸಬೇಕು, ಅದೂ ಪಕ್ಕಕ್ಕೆ ಬಂದ ಮೇಲಲ್ಲ, ಎರಡು ಮೂರು ದೋಣಿಯಷ್ಟು ದೂರ ಇರುವಾಗಲೇ. ಇಲ್ಲದಿದ್ದರೆ ನಮ್ಮ ಹಿಂದಿನ ನೀರಿನ ಸೆಳೆತಕ್ಕೆ ಅವರ ಹಗ್ಗ ಬಿಗಿದು ದಡದ ಗೂಟ ಕಿತ್ತು ಬರುತ್ತೆ. ನಮ್ಮ ಅಲೆ ದಡಕ್ಕೆ ಬಡಿದು ಒಡೆಯುತ್ತಿದ್ದರೆ ನಾವು ಜೋರಾಗಿದ್ದೇವೆ ಅಂತ ಲೆಕ್ಕ. ಮಿರಮಿರ ಹೊಳೆಯುವ ಸ್ವಂತ ದೋಣಿಯವನೊಬ್ಬ ನಾವು ಆಮೆ ಥರ ಹೋಗುತ್ತಿದ್ದರೂ ಕಿಟಕಿಯಿಂದ ತಲೆ ಹಾಕಿ "ನಿಧಾನ!" ಅಂತ ಗದರಿದ. ಬಾಡಿಗೆ ಕಂಪನಿಯ ಬಣ್ಣ ನೋಡಿದರೆ ಸಾಕು, ಕೆಲವರಿಗೆ ಗದರೋದು ಅಭ್ಯಾಸ. ಅಮ್ಮ ಅವನಿಗೂ ಕೈ ಬೀಸಿ "ಗುಡ್ ಮಾರ್ನಿಂಗ್" ಅಂದರು. ಆಗ ಸಂಜೆ ನಾಲ್ಕು ಗಂಟೆ. ಕಾಲುವೆಯಲ್ಲಿ ಎದುರು ಬಂದವರೆಲ್ಲ ಮಾತಾಡಿಸಿಯೇ ಹೋಗುತ್ತಾರೆ, ಅಮ್ಮನಿಗೆ ಅದು ಬಹಳ ಇಷ್ಟ ಆಗಿಬಿಟ್ಟಿತ್ತು.

ಪಾಂಟ್‌ಕಸಲ್ತೆ ಮೇಲ್ಗಾಲುವೆ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಥಾಮಸ್ ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿದ್ದು, 1805ರಲ್ಲಿ ತೆರೆದದ್ದು, 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಡೀ ನದಿಯಿಂದ 38 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯೊಳಗೆ ದೋಣಿ ಹೋಗುತ್ತೆ. ಒಂದು ಕಡೆ ಕಾಲುದಾರಿ ಮತ್ತು ಕಂಬಿ. ಇನ್ನೊಂದು ಕಡೆ ಏನೂ ಇಲ್ಲ. ಅಮ್ಮ ಒಳಗೆ ಕೂತು ಪರದೆ ಎಳೆದುಕೊಂಡರು. ಒಂದೇ ದೋಣಿಯ ಅಗಲ, ಆದ್ದರಿಂದ ಎದುರಿಂದ ಯಾರಾದರೂ ಹೊರಟಿದ್ದರೆ ಕಾಯಲೇಬೇಕು. ಮುಂದೆ ಲ್ಯಾಂಗೊಲೆನ್ ಹತ್ತಿರ ಕಾಲುವೆ ಬಂಡೆ ಕೊರೆದ ಕಡೆ ಮತ್ತೆ ಕಿರಿದಾಗುತ್ತೆ, ತಿರುವಿನಾಚೆ ಏನೂ ಕಾಣಲ್ಲ. ಅಲ್ಲಿ ಮನೆಯವರೊಬ್ಬರು ಇಳಿದು ಮುಂದೆ ನಡೆದು ಹೋಗಿ, ದಾರಿ ಖಾಲಿ ಇದೆಯಾ ನೋಡಿ ಫೋನ್ ಮಾಡಬೇಕು. ನಮ್ಮಲ್ಲಿ ಆ ಕೆಲಸ ಮಗನದು. ಎದುರು ದೋಣಿಯ ಹುಡುಗಿಯೂ ಅದೇ ಕೆಲಸಕ್ಕೆ ಬಂದಿದ್ದಳು. ಇಬ್ಬರೂ ಮಾತಾಡಿಕೊಂಡು ಅವರನ್ನು ಮೊದಲು ಬಿಟ್ಟರು, ಹೇಗೂ ಆ ಹುಡುಗಿಯ ದೋಣಿ ಹತ್ತಿರ ಇತ್ತು.

ಈ ಕಾಲುವೆಯ ಒಂದು ವಿಶೇಷ ಕಂಪನಿಯವರು ಖಂಡಿತ ಹೇಳಬೇಕಿತ್ತು. ಬೇರೆ ಕಾಲುವೆಗಳಂತೆ ಇಲ್ಲಿ ನೀರು ನಿಂತಿರಲ್ಲ. ಲ್ಯಾಂಗೊಲೆನ್ ಮೇಲಿನ ಹಾರ್ಸ್‌ಶೂ ಫಾಲ್ಸ್‌ನಲ್ಲಿ ಡೀ ನದಿಯಿಂದ ಬಂದ ನೀರು ಹರ್ಲ್‌ಸ್ಟನ್ ಜಲಾಶಯದವರೆಗೆ ಹರಿಯುತ್ತೆ. ಲಾಕ್ ಪಕ್ಕದ ತೋಡಿನಿಂದ ಬೀಳುವ ಹೆಚ್ಚುವರಿ ನೀರು ಲಾಕ್‌ನ ಬಾಯಲ್ಲೇ ದೋಣಿಯ ಮೂತಿಯನ್ನು ಪಕ್ಕಕ್ಕೆ ತಳ್ಳುತ್ತೆ. ಗೊತ್ತಿರುವವರು ನಿಮ್ಮ ಹಿಂದೆ ಅಂಟಿಕೊಂಡು ಬರಲ್ಲ, ಜಾಗ ಬಿಟ್ಟು ನಿಲ್ಲುತ್ತಾರೆ, ಬೇಕಾದರೆ ಹಗ್ಗ ಹಿಡಿಯುತ್ತಾರೆ.

ನಾನು ಇನ್ನೊಮ್ಮೆ ಹೋಗುತ್ತೇನಾ? ಖಂಡಿತ, ಇದೇ ಕಾಲುವೆ, ಬೇರೆ ಕಂಪನಿ. ನೀವು ಬುಕ್ ಮಾಡುವ ಮೊದಲು ಫೋನ್ ಮಾಡಿ, "ಮೊದಲ ಲಾಕ್‌ವರೆಗೆ ನಿಮ್ಮವರು ಜೊತೆಗೆ ಬರ್ತಾರಾ?" ಅಂತ ಕೇಳಿ. ಬರ್ತಾರೆ ಅಂದವರಿಗೆ ದುಡ್ಡು ಕೊಡಿ, ಸ್ವಲ್ಪ ಜಾಸ್ತಿಯಾದರೂ ಸರಿ. ಹ್ಯಾಂಡಲ್ ಎರಡು ಇಸ್ಕೊಳ್ಳಿ. ನೀರಿಗೆ ಬಿದ್ದರೆ ಅದು ಸಿಗಲ್ಲ. ಲಾಕ್ ಪಕ್ಕದ ಕಟ್ಟೆಯಲ್ಲಿ ಊಟಕ್ಕೆ ಅಂತ ದೋಣಿ ಕಟ್ಟಬೇಡಿ, ಅದು ಲಾಕ್‌ಗೆ ಕಾಯುವವರ ಜಾಗ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಎಂಜಿನ್ ಹಾಕಬೇಡಿ, ನೀರು ಕಾಯೋದು ಎಂಜಿನ್‌ನಿಂದ, ಹಾಗಾಗಿ ಬೆಳಗಿನ ಸ್ನಾನದ ಲೆಕ್ಕ ಮೊದಲೇ ಮಾಡಿಕೊಳ್ಳಿ. ಶಾಲೆ ರಜೆ ಬಿಟ್ಟು ಮೇ ತಿಂಗಳಲ್ಲೋ ಸೆಪ್ಟೆಂಬರ್‌ನಲ್ಲೋ ಹೋದರೆ ಗ್ರಿಂಡ್ಲಿ ಬ್ರೂಕ್‌ನಲ್ಲಿ ಕ್ಯೂ ಕಮ್ಮಿ ಅಂತ ಮೇಷ್ಟ್ರು ಹೇಳಿದ್ದಾರೆ.